ಆರನೇ ಸರ್ವರಿನ ಬಾಯಿ ಮುಚ್ಚಿಸಿದ್ದು

ನಾಲ್ಕು ವರ್ಷಗಳ ಹಿಂದೆ ನಾನು ಗೋಕಾಕದ ಒಂದು ಖಾಸಗಿ ಕಂಪ್ಯೂಟಿಂಗ್ ಕೇಂದ್ರದಲ್ಲಿ ಸ್ಟೋರೇಜ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಹತ್ತೊಂಬತ್ತು ವರ್ಷ ಸರ್ವರುಗಳ ಜೊತೆ ಏಗಿದವಳು. ಈ ಕೆಲಸದಲ್ಲಿ ನನಗೆ ತಿಳಿಯದ್ದು ಹೆಚ್ಚೇನೂ ಉಳಿದಿಲ್ಲ ಎಂಬ ಜಂಬ ಆಗ ಚೆನ್ನಾಗಿಯೇ ಇತ್ತು. ಕೇಂದ್ರ ಇದ್ದದ್ದು ಫಾಲ್ಸ್ ಕಡೆ ಹೋಗುವ ರಸ್ತೆಯಲ್ಲಿ, ಗೋದಾಮಿನಂಥ ಒಂದು ಕಟ್ಟಡದಲ್ಲಿ.

ನಮ್ಮ ದೊಡ್ಡ ಗಿರಾಕಿ ಎಂದರೆ ಕುರಿ ತಳಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಡಾಕ್ಟರ್ ಶೈಲಜಾ. ಹುಕ್ಕೇರಿ, ಗೋಕಾಕ, ಮೂಡಲಗಿ ತಾಲೂಕುಗಳ ಹಿಂಡುಗಳಲ್ಲಿ ಏಳು ವರ್ಷ ತಿರುಗಿ, 212 ಕುರಿಗಳ ರಕ್ತ ತೆಗೆದು, ಅವುಗಳ ಡಿಎನ್‌ಎ ಓದಿಸಿ ನಮ್ಮಲ್ಲಿ ಇಟ್ಟಿದ್ದರು. ಮಳೆಗಾಲದಲ್ಲಿ ಹೊಟ್ಟೆಹುಳ ಬಿದ್ದರೆ ಕುರಿಗಳು ಸಾಲುಸಾಲಾಗಿ ಸಾಯುತ್ತವೆ, ಕೆಲವು ಮಾತ್ರ ಜಗ್ಗುವುದಿಲ್ಲ. ಆ ಗಟ್ಟಿತನ ಯಾವ ತಾಯಿಯಿಂದ ಯಾವ ಮರಿಗೆ ಇಳಿದಿದೆ ಎಂದು ಹೇಳುವುದು ಅವರ ಕೆಲಸ.

ಈ ಉತ್ತರಕ್ಕಾಗಿ ಕಾಯುತ್ತಿದ್ದವರಲ್ಲಿ ಹತ್ತರಗಿಯ ಭೀಮಪ್ಪ ಒಬ್ಬರು. ಅವರೂ ಇನ್ನು ಮೂರು ಕುಟುಂಬಗಳವರೂ ವರ್ಷಾವರ್ಷ ಒಟ್ಟಿಗೇ ಕುರಿ ಹೊಡೆದುಕೊಂಡು ಮೇವಿನ ಕಡೆ ಹೊರಡುತ್ತಾರೆ. ಹೊರಡುವ ಮೊದಲು ಹಿಂಡಿಗೆ ಇಟ್ಟುಕೊಳ್ಳುವ ಟಗರು ಮರಿಗಳನ್ನು ಆರಿಸಿ ಉಳಿದವನ್ನು ಮಾರುವುದು ಪದ್ಧತಿ. ಆರಿಸಿದ ಟಗರು ತಪ್ಪಾದರೆ ಮುಂದಿನ ಹಿಂಡೇ ತಪ್ಪಿದಂತೆ. ಹಿಂದಿನ ವರ್ಷ ಭೀಮಪ್ಪನವರ ಅರ್ಧ ಹಿಂಡು ಹುಳಕ್ಕೆ ಹೋಗಿತ್ತು. ಹದಿನೈದು ದಿನದಲ್ಲಿ ಪಟ್ಟಿ ಕೊಡುತ್ತೇನೆ ಎಂದು ಶೈಲಜಾ ಮಾತು ಕೊಟ್ಟಿದ್ದರು.

ಪಟ್ಟಿಗೆ ಬೇಕಾದ ತಾಯಿ ಕುರಿಗಳಲ್ಲಿ ಬಹಳಷ್ಟು ಸತ್ತಿದ್ದವು. ರಕ್ತದ ಸೀಸೆಗಳು ಪರೀಕ್ಷೆಯಲ್ಲೇ ಖಾಲಿಯಾಗಿದ್ದವು. ಆ ಕುರಿಗಳು ಇನ್ನೂ ಎಲ್ಲಾದರೂ ಇದ್ದರೆ ನಮ್ಮ ಡಿಸ್ಕುಗಳಲ್ಲಿ ಮಾತ್ರ. ಬ್ಯಾಕಪ್ ಯಾಕಿರಲಿಲ್ಲ ಎಂದು ನೀವು ಕೇಳುತ್ತೀರಿ. ಟೇಪ್ ಯಂತ್ರ ಬರುವುದಿತ್ತು, ಬಂದಿರಲಿಲ್ಲ. ನಾನೂ ಬೆನ್ನು ಹತ್ತಿರಲಿಲ್ಲ.

ಪ್ಯಾರಲಲ್ ಫೈಲ್ ಸಿಸ್ಟಂ ಎಂದರೆ ಒಂದೇ ಫೈಲನ್ನು ಚೂರು ಮಾಡಿ ಹಲವು ಸರ್ವರುಗಳಲ್ಲಿ ಹಂಚಿಡುವ ವ್ಯವಸ್ಥೆ. ನಮ್ಮಲ್ಲಿ ಎಂಟು ಸರ್ವರುಗಳಿದ್ದವು. ಎಂಟೂ ಒಟ್ಟಿಗೆ ಓದುವುದರಿಂದ ವೇಗ ಸಿಗುತ್ತದೆ. ಒಂದು ಹೋದರೆ ಮಾತ್ರ ಪ್ರತಿ ಫೈಲಿನಲ್ಲೂ ತೂತು ಬೀಳುತ್ತದೆ. ಪ್ರತಿ ಸರ್ವರಿನಲ್ಲಿ ಹತ್ತು ಹತ್ತು ಡಿಸ್ಕುಗಳ ಗುಂಪು. ಗುಂಪಿನಲ್ಲಿ ಎರಡು ಡಿಸ್ಕ್ ಸತ್ತರೂ ನಡೆಯುತ್ತದೆ, ಮೂರನೆಯದು ಸತ್ತರೆ ಕಥೆ ಮುಗಿಯಿತು. ಇದನ್ನೆಲ್ಲ ಕಾಯಲೆಂದೇ ನಾನು ನಿಗಾ ವ್ಯವಸ್ಥೆ ಕಟ್ಟಿದ್ದೆ. ಏನಾದರೂ ಕೆಟ್ಟರೆ ಫೋನಿಗೆ ಅಲರ್ಟ್, ಗೋಡೆಯ ದೊಡ್ಡ ಪರದೆಯಲ್ಲಿ ಡ್ಯಾಶ್‌ಬೋರ್ಡ್; ಹಸಿರಿದ್ದರೆ ಕ್ಷೇಮ, ಕೆಂಪಾದರೆ ಓಡಬೇಕು.

ಆರನೇ ಸರ್ವರಿಗೆ ಕರೆಂಟಿನ ಏರಿಳಿತ ಆಗಿಬರುತ್ತಿರಲಿಲ್ಲ. ದಿನಕ್ಕೆ ನಾಲ್ಕು ಸಲ ದೀಪ ಮಿಣುಕಿದರೆ ಅದರಿಂದ ನಲವತ್ತು ಅಲರ್ಟ್ ಬರುತ್ತಿದ್ದವು, ಎಲ್ಲವೂ ಹುಸಿ. ತಲೆ ಚಿಟ್ಟು ಹಿಡಿದು ಒಂದು ದಿನ ಅದರ ಅಲರ್ಟನ್ನು ಇಪ್ಪತ್ನಾಲ್ಕು ಗಂಟೆ ಮೌನಕ್ಕೆ ಹಾಕಿದೆ. ಮರುದಿನವೂ ಹಾಕಿದೆ. ಆಮೇಲೆ ಅದೇ ರೂಢಿಯಾಯಿತು. ಬೆಳಿಗ್ಗೆ ಮೊದಲು ಬಂದವರು ಫ್ಯಾನ್ ಹಾಕಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಆರನೆಯದರ ಬಾಯಿ ಇನ್ನೊಂದು ದಿನ ಮುಚ್ಚಿಸಿ, ನಂತರ ಚಹಾ ಕುಡಿಯುತ್ತಿದ್ದರು. ನಾಲ್ವರಿದ್ದೆವು, ಒಬ್ಬರೂ ಒಂದು ದಿನವೂ ಮರೆಯಲಿಲ್ಲ. ಮೌನದಲ್ಲಿರುವ ಅಲರ್ಟನ್ನು ಪರದೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅದನ್ನು ಹಾಗೆ ಬರೆದವಳೂ ನಾನೇ.

ಒಂದು ಸೋಮವಾರ ಶೈಲಜಾ ಫೋನ್ ಮಾಡಿ, ಫೈಲ್ ಓದುವುದು ತೀರಾ ನಿಧಾನವಾಗಿದೆ ಎಂದರು. ನಾನು ಪರದೆ ನೋಡಿದೆ, ಹಸಿರು. ನಿಮ್ಮ ಪ್ರೋಗ್ರಾಂ ನೋಡಿಕೊಳ್ಳಿ ಎಂದೆ. ಮಂಗಳವಾರ ಮತ್ತೆ ಅದೇ ಮಾತು, ನನ್ನದೂ ಅದೇ ಉತ್ತರ, ದನಿ ಮಾತ್ರ ಸ್ವಲ್ಪ ಏರಿತ್ತು. ಬುಧವಾರ ಬೆಳಿಗ್ಗೆ ಅವರೇ ಬಂದು ನನ್ನ ಮೇಜಿನ ಮುಂದೆ ಕುಳಿತರು.

"ನಿಮ್ಮ ಪರದಿ ಬಾಜೂಕ ಇಡ್ರಿ. ಒಂದೊಂದ ಸರ್ವರ್ ತಗದ ತೋರಸ್ರಿ."

ಸಿಟ್ಟಿನಿಂದಲೇ ತೋರಿಸುತ್ತ ಹೋದೆ. ಆರನೆಯದರಲ್ಲಿ ನನ್ನ ಕೈ ನಿಂತಿತು. ಒಂದೇ ಗುಂಪಿನ ಎರಡು ಡಿಸ್ಕುಗಳು ಸತ್ತು ಹನ್ನೊಂದು ದಿನವಾಗಿತ್ತು. ಮೂರನೆಯದರ ದೋಷಗಳ ಎಣಿಕೆ ನಾವು ನೋಡುತ್ತಿದ್ದಂತೆಯೇ ಏರುತ್ತಿತ್ತು. ಹನ್ನೊಂದು ದಿನದ ಹಿಂದೆ ಗೊತ್ತಾಗಿದ್ದರೆ ನಮಗೆ ಅರ್ಧ ಗಂಟೆಯ ಕೆಲಸ, ಎರಡು ಹೊಸ ಡಿಸ್ಕ್ ಹಾಕಿ ಬಿಟ್ಟಿದ್ದರೆ ಅವು ತಾವೇ ತುಂಬಿಕೊಳ್ಳುತ್ತಿದ್ದವು.

ಈಗ ಹೊಸ ಡಿಸ್ಕ್ ಹಾಕಿದರೆ, ಅವನ್ನು ತುಂಬಿಸಲು ಉಳಿದೆಂಟನ್ನೂ ಪೂರ್ತಿ ಓದಬೇಕು. ಅದಕ್ಕೆ ಮೂವತ್ತು ಗಂಟೆ. ಸಾಯುತ್ತಿರುವ ಡಿಸ್ಕ್ ಅಷ್ಟು ತಾಳುವುದಿಲ್ಲ. ಉಳಿದ ದಾರಿ ಒಂದೇ: ಬೇರೆಲ್ಲ ಕೆಲಸ ನಿಲ್ಲಿಸಿ, ತೀರ ಬೇಕಾದ ಕುರಿಗಳ ಫೈಲುಗಳನ್ನಷ್ಟೇ ಒಂದೊಂದಾಗಿ ಹೊರಗೆ ನಕಲು ಮಾಡುವುದು. ಒಂದು ಕುರಿಗೆ ಎಂಟು ನಿಮಿಷ. 212ರಲ್ಲಿ ಯಾವುವು ಮೊದಲು? ಶೈಲಜಾ ಅವರ ದಾಖಲೆಯಲ್ಲಿ ಕಿವಿ ಬಿಲ್ಲೆಯ ಸಂಖ್ಯೆಗಳಿದ್ದವು. ಯಾವ ತಾಯಿಯ ಟಗರು ಮರಿ ಇಂದು ಜೀವಂತ ಇದೆ ಎಂಬುದು ಇರಲಿಲ್ಲ.

ಭೀಮಪ್ಪನವರನ್ನು ಕರೆಸಿದೆವು. ಹತ್ತರಗಿಯಿಂದ ಹನ್ನೊಂದು ಗಂಟೆಗೆ ಬಂದರು, ಹೆಗಲ ಮೇಲೆ ಕಂಬಳಿ. ನಡೆದದ್ದನ್ನೆಲ್ಲ ಹೇಳಿದೆ, ಬಾಯಿ ಮುಚ್ಚಿಸಿದ್ದನ್ನೂ ಮುಚ್ಚಿಡಲಿಲ್ಲ. ಅವರು ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿ ಹೇಳತೊಡಗಿದರು.

"ನಮ್ಮ ಜೋಡಿ ಬರೂ ಮೂಡಲಗಿ ಸಿದ್ದವ್ವನ ಹಿಂಡಿನ್ಯಾಗ ಕರಿಮೂತಿ ಕುರಿ. ಅದರವು ಎರಡ ಟಗರ ಅದಾವ. ಆಮ್ಯಾಲೆ ಅದರ ತಂಗಿ, ಮುರಕಿವಿದು."

ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಮುಖ, ಕಿವಿ, ನಡಿಗೆ ಹೇಳುತ್ತ ನಾಲ್ಕು ಕುಟುಂಬಗಳ ನಲವತ್ತೆಂಟು ತಾಯಿ ಕುರಿಗಳನ್ನು ಅವರು ಸಾಲಾಗಿ ನಿಲ್ಲಿಸಿದರು. ಶೈಲಜಾ ಬಿಲ್ಲೆ ಸಂಖ್ಯೆ ಹುಡುಕಿ ಕೊಟ್ಟಂತೆ ನಾನು ನಕಲಿಗೆ ಹಾಕುತ್ತ ಹೋದೆ. ಅವರು ಹೇಳುತ್ತ ಹೇಳುತ್ತ ನಲವತ್ತನೆಯ ಕುರಿಗೆ ಬಂದಾಗಲೇ ಶೈಲಜಾಗೆ ಹೊಳೆದದ್ದು, ಆವರೆಗೆ ಬಂದ ಒಂದೂ ಭೀಮಪ್ಪನವರದಲ್ಲ ಎಂದು.

"ನಿಮ್ಮೂವು ಒಂಬತ್ತೂ ಯಾಕ ಕಡೀಕ ಹಾಕೀರಿ?" ಎಂದು ಕೇಳಿದರು.

"ಆ ಮೂರೂ ಮನಿ ಮಂದಿ ನನ್ನ ನಂಬಿ ಕಳಿಸ್ಯಾರ್ರಿ. ನನ್ನೂವು ಮೊದ್ಲ ಹ್ಯಾಂಗ ಹಾಕ್ಲಿ?"

ನಕಲು ಆಗಿನ್ನೂ ಐದನೆಯದರಲ್ಲಿತ್ತು; ಕ್ರಮ ಬದಲಿಸೋಣ ಎಂದು ನಾನು ಅಂಗಲಾಚಿದೆ. ಅವರು ಒಪ್ಪಲಿಲ್ಲ. ಐದು ಗಂಟೆಗೆ ನಲವತ್ತೊಂದನೆಯದು ಮುಗಿಯಿತು. ನಲವತ್ತೆರಡನೆಯದು ಅರ್ಧಕ್ಕೆ ನಿಂತಿತು. ಮತ್ತೆ ಪ್ರಯತ್ನಿಸಿದೆ, ಮತ್ತೆ, ಮತ್ತೆ. ಮೂರನೇ ಡಿಸ್ಕ್ ಸತ್ತಿತ್ತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕೆಲಸದ ಜಾಗದಲ್ಲಿ ಅತ್ತೆ. ಗಿರಾಕಿಯ ಎದುರಿಗೇ ಅತ್ತೆ, ನಾಚಿಕೆಯೂ ಆಗಲಿಲ್ಲ.

ಮೂರು ಕುಟುಂಬಗಳಿಗೆ ಪಟ್ಟಿ ಸಿಕ್ಕಿತು. ಭೀಮಪ್ಪನವರ ಒಂಬತ್ತು ತಾಯಂದಿರಲ್ಲಿ ಏಳು ಹೋದವು. ಕಣ್ಣಳತೆಯ ಮೇಲೆ ಟಗರು ಆರಿಸಿಕೊಂಡು ಅವರು ಹೊರಟರು. ಎರಡು ಮಳೆಗಾಲ ಕಳೆದ ಮೇಲೆ ತಿಳಿಯಿತು: ಆ ಮೂವರ ಹಿಂಡುಗಳು ನಿಂತಿದ್ದವು, ಭೀಮಪ್ಪನವರದಕ್ಕೆ ಮತ್ತೆ ಹುಳ ಬಿದ್ದಿತ್ತು. ಅದಕ್ಕೆ ನಾನು ಹೊಣೆ. ಕರೆಂಟಿನ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದು, ಆದರೆ ಕರೆಂಟು ಅಲರ್ಟ್ ಮುಚ್ಚಿಸಿರಲಿಲ್ಲ.

ಡಿಸ್ಕ್ ಸತ್ತ ಆ ಸಂಜೆ ಹೊರಡುವಾಗ ಭೀಮಪ್ಪನವರು ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದ್ದರು.

"ಅದು ಕೆಟ್ಟರ ಯಾರಿಗಿ ಹೇಳತೈತ್ರಿ?"

"ನಮ್ಮ ಫೋನಿಗೆ ಬರುತ್ತದೆ."

"ನನ್ನ ಫೋನಿಗೂ ಬರೂಹಂಗ ಮಾಡ್ರಿ. ಕುರಿ ನಮ್ಮೂವು."

ಆ ವಾರವೇ ಹಾಗೆ ಮಾಡಿದೆ. ಟೇಪ್ ಯಂತ್ರವನ್ನೂ ಜಗಳವಾಡಿ ತರಿಸಿದೆ. ಅಂದಿನಿಂದ ಎಲ್ಲಿ ನಿಗಾ ವ್ಯವಸ್ಥೆ ಕಟ್ಟಿದರೂ ಅಲರ್ಟ್ ಮೊದಲು ಹೋಗುವುದು ಕಳೆದುಕೊಳ್ಳುವವರ ಫೋನಿಗೆ, ಆಮೇಲೆ ನಮಗೆ. ಅದನ್ನು ಸುಮ್ಮನಿರಿಸುವ ಅಧಿಕಾರವೂ ಅವರದೇ. ಕಿರಿಕಿರಿ ನಮ್ಮದು, ನಷ್ಟ ಅವರದು ಎಂಬಂಥ ಕಡೆ ನಮ್ಮ ಕೈಗೆ ಆ ಗುಂಡಿ ಕೊಡಬಾರದು ಎಂಬುದಷ್ಟೇ ಈ ವೃತ್ತಿಯಲ್ಲಿ ನಾನು ಕಲಿತದ್ದು.

ಡಿಸ್ಕ್ ಸತ್ತ ಮರುತಿಂಗಳು ಒಂದು ಮಧ್ಯಾಹ್ನ ಗೋಕಾಕದಲ್ಲಿ ಕರೆಂಟು ಹನ್ನೊಂದು ಸಲ ಮಿಣುಕಿತು. ಎಲ್ಲೋ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡಿದ್ದ ಭೀಮಪ್ಪನವರಿಂದ ಹನ್ನೊಂದು ಸಲವೂ ಫೋನ್ ಬಂತು. "ಮೇಡಂ, ಏನೋ ಬಂದೈತಿ, ನೋಡ್ರಿ." ಹನ್ನೊಂದೂ ಹುಸಿ ಎಂದು ನನಗೆ ಗೊತ್ತಿತ್ತು. ಹನ್ನೊಂದು ಸಲವೂ ಎದ್ದು ಹೋಗಿ ನೋಡಿ ಬಂದೆ.