ಗಣೇಶನಿಗೆ ಕೊಡದ ಹೂವು

ಅಂದು ಗಣೇಶನ ಹಬ್ಬ. ಇಲ್ಲಿ ಅದು ಚಳಿಗಾಲ ಮುಗಿದು ವಸಂತ ಕಾಲಿಡುವ ಹೊತ್ತು. ಎಂದಿನಂತೆ ಹಾಲು ಕಾಯಿಸಿ, ಡಿಕಾಕ್ಷನ್ ಇಳಿಯಲು ಬಿಟ್ಟು, ಕಡುಬಿಗೆ ಕಾಯಿ ತುರಿಯುತ್ತಾ ಕಿಟಕಿಯಿಂದ ಹಿತ್ತಲು ನೋಡಿದೆ. ಎಲೆಯುದುರಿದ ಮೇಪಲ್ ಮರದಡಿ, ಹುಲ್ಲಿನ ನಡುವೆ, ತೆಳು ನೇರಳೆಯ ಕ್ರೋಕಸ್ ಬಿಸಿಲು ತಾಗಿ ಬಿರಿಯುತ್ತಿತ್ತು.

ಇದು ಕೇಸರಿಯ ಕಾಡುಬಳಗದ ಹೂವು. ಚಳಿ ಉಣ್ಣದೆ ವಸಂತಕ್ಕೆ ಅರಳದು. ಬ್ರಿಸ್ಬೇನಿನ ನಾರ್ತ್ ಲೇಕ್ಸ್‌ನಲ್ಲಿದ್ದಾಗ ನೆಟ್ಟ ಗೆಡ್ಡೆಗಳು ಕೊಳೆತವು. ಪರ್ತ್‌ನ ಜೂಂಡಲಪ್‌ನ ಮರಳಿನಲ್ಲಿ ಬರೀ ಎಲೆ ಬಿಟ್ಟು ಸುಮ್ಮನಾದವು. "ಸಾಕು ಬಿಡೇ, ಪ್ಲಾಸ್ಟಿಕ್ ಹೂ ತಂದ್ಕೊಡ್ತೀನಿ" ಎಂದು ಗಂಡ ನಕ್ಕರು. ಅವರ ಕೆಲಸ ಅಡಿಲೇಡ್‌ಗೆ ಬಂದಾಗ, ಗುಡ್ಡದ ಬುಡದ ಈ ಮನೆಯಲ್ಲಿ ಮತ್ತೆ ನೆಟ್ಟೆ. ಹೂವು ಬಾಡಿದ ಮೇಲೂ ಎಲೆ ತಾನಾಗಿ ಹಳದಿಯಾಗುವ ತನಕ ಇರಬೇಕು. ಮುಂದಿನ ವರ್ಷಕ್ಕೆ ಗೆಡ್ಡೆ ಮೈತುಂಬಿಕೊಳ್ಳುವುದು ಅದರಿಂದಲೇ. ಅಲ್ಲಿಯವರೆಗೆ ಆ ಮೂಲೆಗೆ ಹುಲ್ಲು ಕತ್ತರಿಸುವ ಯಂತ್ರ ಬರಕೂಡದೆಂದು ಗಂಡನಿಗೆ ಹೇಳಿಟ್ಟಿದ್ದೆ.

ಮೈಸೂರಿನಿಂದ ಬಂದಿದ್ದ ಅತ್ತೆಗೆ ಹೇಳಿರಲಿಲ್ಲ. ಮಡಿಯುಟ್ಟು ತಟ್ಟೆ ಹಿಡಿದು ಹೋದವರು, ಕ್ರೋಕಸ್‌ನ ಸಪೂರ ಎಲೆಗಳನ್ನೇ ಗರಿಕೆಯೆಂದು ಚಿವುಟತೊಡಗಿದ್ದರು. ತುರಿಮಣೆ ಬಿಟ್ಟು ಓಡಿದೆ.

"ಅತ್ತೆ, ಅದು ಗರಿಕೆ ಅಲ್ಲ. ಗರಿಕೆ ಬೇಲಿ ಹತ್ರ ಇದೆ, ತಂದ್ಕೊಡ್ತೀನಿ."

"ಹೌದಾ? ಸರಿ, ಹೂವಾದ್ರೂ ಕಿತ್ಕೋತೀನಿ."

"ಹೂವೂ ಬೇಡ."

ಅವರ ಕೈ ನಿಂತಿತು. "ದೇವರಿಗೇ ಇಲ್ಲ ಅಂತೀಯಲ್ಲೇ. ಕಾನ್ವೆಂಟಲ್ಲಿ ಓದಿಸಿದ್ರೆ ಹೀಗೇ."

"ಕಾನ್ವೆಂಟಲ್ಲಿ ಸಿಸ್ಟರುಗಳೂ ದೇವರಿಗೆ ಹೂ ಕೊಯ್ತಿದ್ರು, ಅತ್ತೆ. ಇದು ನಾನಾಗೇ ಕಲ್ತಿದ್ದು. ಮೂರನೇ ಊರಲ್ಲಿ ಮೊದಲನೇ ಸಲ ಬಿಟ್ಟಿದೆ. ಕೊಡಲ್ಲ."

ಮದುವೆಯಾದಂದಿನಿಂದ ಅವರೆದುರು ನನ್ನ ಬಾಯಲ್ಲಿ ಬಾರದ ಮಾತು ಅದು. ದನಿ ಏರಿಸಲಿಲ್ಲ, ಹೂವಿಗೂ ಅವರ ಕೈಗೂ ನಡುವೆ ಕೂತುಬಿಟ್ಟೆ. ರೇಷ್ಮೆ ಸೀರೆ ಇಬ್ಬನಿಗೆ ತೊಯ್ದಿತು. ಅತ್ತೆ ತಟ್ಟೆ ಹಿಡಿದುಕೊಂಡೇ ತಿರುಗಿ ಒಳಗೆ ಹೋದರು. ಗಣೇಶನಿಗೆ ಅಂಗಡಿಯ ಸೇವಂತಿಗೆ ಏರಿಸಿದೆವು. ಮಂಗಳಾರತಿಯಾಯಿತು. ಊಟಕ್ಕೆ ಕೂತಾಗ ಅತ್ತೆ ನನ್ನ ಕೈಗೆ ಕಾಯದೆ ಕಡುಬನ್ನು ತಾವೇ ಬಡಿಸಿಕೊಂಡರು. ನಾನೂ ತಪ್ಪಾಯಿತು ಎನ್ನಲಿಲ್ಲ. ತಲೆನೋವೆಂದು ಹೋಗಿ ಮಲಗಿದೆ.

ಸಂಜೆ ಪಕ್ಕದ ಮನೆಗೆ ಕಡುಬು ಕೊಡಲು ಹೋದೆ. ಅಲ್ಲಿರುವ ಬೆಂಗಳೂರಿನ ಹುಡುಗಿ ಡಬ್ಬಿಯ ಮುಚ್ಚಳ ತೆಗೆದು ಮೂಸುತ್ತಾ ಅಂದಳು:

"ಅಂದ್ಹಾಗೆ ಆಂಟಿ, ನಿಮ್ಮತ್ತೆ ಮಧ್ಯಾಹ್ನ ಪೂರ್ತಿ ಆ ಮರದ ಕೆಳಗೆ ಚೇರ್ ಹಾಕ್ಕೊಂಡು ಕೂತಿದ್ರು. ನಮ್ಮ ನಾಯಿ ಬೇಲಿ ಸಂದಿಲಿ ನುಗ್ಗಿ ಹೂವಿನ ಹತ್ರ ಹೋದ್ರೆ, ಕೋಲು ತಗೊಂಡು ಅಟ್ಟಿಸ್ಕೊಂಡ್ ಬಂದ್ಬಿಟ್ರು."