ಮಡಿಕೆಯೊಳಗಿನ ಗೆರೆ

ಎಪ್ಪತ್ತರ ದಶಕದಲ್ಲೊಮ್ಮೆ ಇಳಕಲ್ಲಿನಿಂದ ಬಾಗಲಕೋಟೆಗೆ ಹೊರಟ ನಮ್ಮ ಬಸ್ಸು ಹುನಗುಂದದಲ್ಲಿ ಪಂಕ್ಚರ್ ಆಗಿ ನಿಂತಿತು. ನಾನು ಮರುದಿನ ವಿಜ್ಞಾನಿಗಳ ಸಭೆಯಲ್ಲಿ ತೋರಿಸಬೇಕಿದ್ದ ಗ್ರಾಫ್ ಹಾಳೆ ನೋಡುತ್ತ ಕೂತೆ. ಪಕ್ಕದಲ್ಲಿ ಸೀರೆಗಂಟು ಹಿಡಿದ ನೇಕಾರರೊಬ್ಬರಿದ್ದರು.

“ಇದೇನ್ರಿ?”

ಪ್ರೋಟಾನುಗಳು ಭಾರೀ ವೇಗದಲ್ಲಿ ಡಿಕ್ಕಿ ಹೊಡೆದರೆ ಯಾವ ಕೋನಕ್ಕೆ ಎಷ್ಟು ಚದುರುತ್ತವೆಂಬ ಲೆಕ್ಕ. ಚುಕ್ಕಿಗಳು ವಿದೇಶದ ಯಂತ್ರ ಅಳೆದದ್ದು, ಗೆರೆ ನನ್ನ ಸಿದ್ಧಾಂತದ್ದು ಎಂದೆ.

“ಗೆರಿ ಚುಕ್ಕಿ ಮ್ಯಾಲೇ ಹೊಂಟೈತಿ. ಭಾಳ ಚಲೋ” ಎಂದವರು, ಕೇಳದೆಯೇ ಹಾಳೆಯ ಬಲತುದಿಯ ಮಡಿಕೆ ಬಿಚ್ಚಿದರು. ಅಲ್ಲಿ ಚುಕ್ಕಿಗಳು ಗುಂಡಿಗಿಳಿದು ಮೇಲೆದ್ದಿದ್ದವು. ನನ್ನ ಗೆರೆ ಗುಂಡಿಯನ್ನೇ ಕಾಣದಂತೆ ಸೀದಾ ಹೋಗಿತ್ತು. ಮೂರು ವರ್ಷದ ಕೆಲಸ ಸೋತದ್ದು ಅಲ್ಲೇ.

“ಹೆಂಗ ಗೊತ್ತಾತ್ರಿ?”

“ಎಳಿ ತಪ್ಪಿದ ಕಡಿ ನಾವೂ ಒಳಗ ಮಡಚತೇವ್ರಿ. ನಾಳೆ ಇದನ್ನ ಬಿಚ್ಚಿ ತೋರಸ್ತೀರೇನು?”

ನಾನು ಹಾಳೆಯನ್ನು ಮತ್ತೆ ಮಡಚಿ ಚೀಲಕ್ಕಿಟ್ಟೆ.

ಮರುದಿನ ಮಾತ್ರ ಬಿಚ್ಚಿಯೇ ತೋರಿಸಿದೆ. ಸಭೆ ಮುಗಿದ ಮೇಲೆ ಹಿರಿಯ ವಿಜ್ಞಾನಿಯೊಬ್ಬರು ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಅಷ್ಟು ಉದ್ದದ ಹಾಳೆ ಯಾಕ ತಂದ್ರಿ? ನಾವೆಲ್ಲಾ ಆ ಗುಂಡಿ ಬರೂದ್ರೊಳಗ ಕತ್ತರಿಸಿಬಿಡ್ತೇವಿ.”