ಇದ್ರಾಗ ನನ್ನ ತಗಿ

ಕಾಕಾ ಅವರ ಬಲಗೈಯ ಮೂರು ಉಗುರುಗಳು ಸದಾ ಕಂದು ಬಣ್ಣ, ಹುಣಸೆಹಣ್ಣು ಕಿವುಚಿ ಕೈ ತೊಳೆಯದೆ ಎದ್ದು ಬಂದವರ ಹಾಗೆ. ಹೊಸಬರು ತಂಬಾಕು ಅಂದುಕೊಳ್ಳುತ್ತಿದ್ದರು. ಪಾಪ, ಅವರು ಜನ್ಮದಲ್ಲಿ ಎಲೆಯಡಿಕೆ ಕೂಡ ಮುಟ್ಟಿದವರಲ್ಲ. ಅದು ಫೋಟೋ ತೊಳೆಯುವ ಔಷಧಿಯ ಕಲೆ. ಮುಖದ ತುಂಬ ಸಿಡುಬಿನ ಗುಳಿಗಳು. ಈ ಎರಡು ಗುರುತು ಹೇಳಿದರೆ ಸಾಕು, ದಾದರ್ ಸ್ಟೇಷನ್ನಿನ ಹೊರಗೆ ಯಾರು ಬೇಕಾದರೂ ಅವರು ಕೆಲಸ ಮಾಡುವ ಸ್ಟುಡಿಯೋ ತೋರಿಸುತ್ತಿದ್ದರು.

ನನಗೂ ಅವರಿಗೂ ಪರಿಚಯವಾದದ್ದು ಜಗಳದಿಂದ. ನಾವು ಮೈಸೂರು ಕಡೆಯವರು, ವಡಾಲದಲ್ಲಿ ಅಣ್ಣನ ಮನೆ. ನಾನು ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟ್. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗಂಡಿನ ಕಡೆಯವರಿಗೆ ಕಳಿಸಲು ಅಣ್ಣ ಆ ಸ್ಟುಡಿಯೋದಲ್ಲಿ ನನ್ನ ಫೋಟೋ ತೆಗೆಸಿದ. ಫೋಟೋ ಬಂತು, ನೋಡಿದರೆ ತುಟಿಯ ಕೆಳಗಿನ ನನ್ನ ಮಚ್ಚೆಯೇ ಮಾಯ! ಅತ್ತಿಗೆ ಚೆನ್ನಾಗಿ ಬಂದಿದೆ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಮರುದಿನ ಆಫೀಸು ಬಿಟ್ಟವಳೇ ದಾದರಿನಲ್ಲಿಳಿದು, ಕೌಂಟರಿನ ಮುಂದೆ ನಿಂತು, ನನ್ನ ಮಚ್ಚೆ ಎಲ್ಲಿ ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ.

ಒಳಗಿನಿಂದ ಪೆನ್ಸಿಲ್ ಹಿಡಿದುಕೊಂಡೇ ಒಬ್ಬರು ಎದ್ದು ಬಂದರು, ಎಲ್ಲರೂ ಕಾಕಾ ಎನ್ನುತ್ತಿದ್ದವರು. ನನ್ನ ಹಿಂದಿ ಕಿವಿಗೆ ಬಿದ್ದದ್ದೇ ಕನ್ನಡಕ್ಕೆ ಹೊರಳಿದರು.

"ಅದು ನನ್ನ ಪೆನ್ಸಿಲ್ ಕೆಳಗ ಐತಿ, ತಂಗಿ. ವಾಪಸ್ ಬೇಕೇನು?"

"ಬೇಕು. ಮದುವೆ ಆಗೋನು ಮೊದಲೇ ನೋಡಿಕೊಳ್ಳಲಿ" ಎಂದೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನೆಗೆಟಿವ್ ತಂದು, ಟರ್ಪೆಂಟೈನ್ ಅದ್ದಿದ ಹತ್ತಿಯಿಂದ ನನ್ನ ಕಣ್ಣೆದುರೇ ಒರೆಸಿದರು. ಗಾಜಿನ ಮೇಜಿನ ಮೇಲೆ, ಕೆಳಗಿನ ದೀಪದ ಬೆಳಕಿನಲ್ಲಿ, ಕಪ್ಪು ಬಿಳುಪು ಅದಲುಬದಲಾದ ಆ ನೆಗೆಟಿವ್‌ನಲ್ಲಿ, ನನ್ನ ಮಚ್ಚೆ ಒಂದು ಬಿಳಿ ಚುಕ್ಕೆಯಾಗಿ ಮರಳಿ ಬಂತು. ಹೆಣ್ಣುಮಕ್ಕಳ ಮೊಡವೆ, ಗಾಯದ ಗುರುತು, ಸಿಡುಬಿನ ಕಲೆ ಎಲ್ಲವನ್ನೂ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಅಳಿಸುವುದೇ ಇಪ್ಪತ್ತು ವರ್ಷದಿಂದ ಅವರ ಕೆಲಸವಂತೆ. ತೆಗೆದದ್ದನ್ನು ವಾಪಸ್ ಕೇಳಿದವಳು ನಾನೊಬ್ಬಳೇ ಅಂತೆ. ಇಷ್ಟು ಕುತೂಹಲದಿಂದ ನೆಗೆಟಿವ್ ನೋಡುತ್ತೀಯಲ್ಲ, ನಮ್ಮ ಫೋಟೋ ಕ್ಲಬ್ಬಿಗೆ ಬಾ ಎಂದರು. "ಆರು ದಿನ ಸುಳ್ಳ ಬರೀತೀನಿ. ಐತವಾರ ಒಂದಿನ ಖರೇ ನೋಡೂಣು ಅಂತ ಅಲ್ಲಿಗೆ ಹೋಗ್ತೀನಿ" ಎಂದೂ ಸೇರಿಸಿದರು.

ಕ್ಲಬ್ ಅಂದರೆ ವಡಾಲದ ಒಂದು ಶಾಲೆಯ ಕೋಣೆ. ಭಾನುವಾರ ಬೆಳಿಗ್ಗೆ ಕನ್ನಡದವರು ಹದಿನೈದು ಇಪ್ಪತ್ತು ಜನ ಸೇರುತ್ತಿದ್ದರು. ಸಾಮಾನಿನ ಕೋಣೆಯ ಕಿಟಕಿಗೆ ಕರಿ ಕಂಬಳಿ ಬಡಿದು, ಕೆಂಪು ಬಲ್ಬು ಹಾಕಿದರೆ ಅದೇ ಡಾರ್ಕ್‌ರೂಮ್. ಎಲ್ಲರೂ ಗಂಡಸರು. ಅಣ್ಣನ ಡಬ್ಬಿ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ನಾನು ಒಳಗೆ ಹೋದಾಗ, ಬ್ಯಾಂಕಿನ ಸಾಹೇಬರೊಬ್ಬರು ಎದ್ದು, ಮಾಡೆಲ್ ಆಗಲು ಬಂದಿದ್ದೀರಾ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಸತತ ಮೂರು ವರ್ಷ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಹೊಡೆದವರು ಅವರು. ಕ್ಯಾಮೆರಾ ತೋರಿಸಿದೆ. ಕೊನೆಗೆ ಕಮಿಟಿಯವರು ನನ್ನ ಹೆಸರಿನ ಮುಂದೆ "ತಾತ್ಕಾಲಿಕ" ಎಂದು ಬರೆದುಕೊಂಡರು. ವಾರ್ಷಿಕ ಸ್ಪರ್ಧೆಯಲ್ಲಿ ನನ್ನ ಕೆಲಸ ನೋಡಿ ಆಮೇಲೆ ಇಡುವುದೋ ಬಿಡುವುದೋ ತೀರ್ಮಾನಿಸುತ್ತಾರಂತೆ. ಆಕಿ ಹೊಣಿ ನಂದು ಎಂದು ಕಾಕಾ ಅದರ ಕೆಳಗೆ ಸಹಿ ಹಾಕಿದರು.

ಫೋಟೋ ಹೊಡೆಯುವುದು ಎಂದು ಯಾರಾದರೂ ಅಂದರೆ ಅವರಿಗೆ ಆಗುತ್ತಿರಲಿಲ್ಲ. "ಹೊಡಿಯಾಕ ಅದೇನ್ ಮಾಡೇತಿ ನಿನಗ? ಫೋಟೋ ತಗಿ. ತಗಿಯೋದು ಅಂದ್ರ ಬ್ಯಾಡಾದ್ದನ್ನ ತಗಿಯೋದು" ಎನ್ನುತ್ತಿದ್ದರು. ಕರಿ ರಟ್ಟಿನಲ್ಲಿ ಎಲ್ ಅಕ್ಷರದ ಹಾಗೆ ಕತ್ತರಿಸಿದ ಎರಡು ಮೂಲೆಪಟ್ಟಿ ಅವರ ಜೇಬಿನಲ್ಲಿ ಸದಾ ಇರುತ್ತಿದ್ದವು. ನಾವು ತಂದ ಚಿತ್ರದ ಮೇಲೆ ಅವನ್ನು ಚೌಕಟ್ಟಿನ ಹಾಗೆ ಇಟ್ಟು, ಅತ್ತ ಇತ್ತ ಸರಿಸುತ್ತ, ಎಷ್ಟನ್ನು ಹೊರಗೆ ಬಿಟ್ಟರೆ ಉಳಿದದ್ದು ನಿಲ್ಲುತ್ತದೆ ಎಂದು ತೋರಿಸುತ್ತಿದ್ದರು. ಮಾತು ಕಡಿಮೆ. ಸರಿ ಬಂದಾಗ ಮಾತ್ರ ಆ ಕಂದು ಉಗುರಿನಿಂದ ಮೇಜನ್ನು ಟಕ್ ಎಂದು ಕುಟ್ಟುತ್ತಿದ್ದರು. ಆ ಒಂದು ಟಕ್ ಕೇಳಲು ನಾನು ವಾರವಿಡೀ ಕಾಯುತ್ತಿದ್ದೆ, ಸುಳ್ಳೇಕೆ ಹೇಳಲಿ.

ಆ ವರ್ಷದ ಸ್ಪರ್ಧೆಗೆ "ದುಡಿಮೆ" ಎಂಬ ವಿಷಯ ಕೊಟ್ಟಿದ್ದರು. ಒಂದು ಭಾನುವಾರ ಎಲ್ಲರೂ ವಡಾಲದ ಉಪ್ಪಿನ ಗದ್ದೆಗೆ ಹೋದೆವು. ಬಿಳಿ ಉಪ್ಪಿನ ರಾಶಿಯ ಮೇಲೆ ಹೆಂಗಸೊಬ್ಬಳು ತಲೆಯ ಬುಟ್ಟಿ ಬಗ್ಗಿಸಿದಳು, ಉಪ್ಪು ಸುರಿಯುವಾಗ ನಾನು ಗುಂಡಿ ಒತ್ತಿದೆ. ರೋಲಿನ ಹನ್ನೆರಡರಲ್ಲಿ ಅದೊಂದೇ ಚೆನ್ನಾಗಿ ಬಂದಿತ್ತು. ಆದರೆ ಎಡಗಡೆಯ ಅಂಚಿನಲ್ಲಿ ಛತ್ರಿ ಹಿಡಿದು ಕಾಕಾ ನಿಂತಿದ್ದರು.

ಮುಂದಿನ ವಾರ ಅವರು ಚಿತ್ರ ನೋಡಿದರು, ಉಗುರಿನಿಂದ ಟಕ್ ಎನಿಸಿದರು, ಆಮೇಲೆ "ಇದ್ರಾಗ ನನ್ನ ತಗಿ" ಎಂದರು.

ನನ್ನ ದಡ್ಡತನ ಕೇಳಿ. ಕಾಕಾ ಫೋಟೋ ತೆಗೆಸಿಕೊಳ್ಳಲು ಒಪ್ಪಿಬಿಟ್ಟರು ಎಂದು ಹಿಗ್ಗಿ, ಕ್ಯಾಮೆರಾ ಎತ್ತಿ, "ಕಿಟಕಿ ಹತ್ರ ನಿಂತ್ಕೊಳ್ಳಿ ಕಾಕಾ" ಎಂದೆ. ಕೋಣೆಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನನ್ನ ತಗಿ ಅಂದರೆ ಈ ಚಿತ್ರದಿಂದ ನನ್ನನ್ನು ಹೊರಗೆ ಹಾಕು ಎಂದು ಅವರೇ ಬಿಡಿಸಿ ಹೇಳಬೇಕಾಯಿತು. ಅವರು ಯಾವತ್ತೂ ಕ್ಯಾಮೆರಾದ ಎದುರು ನಿಂತವರಲ್ಲ. "ನನ್ನ ಮಾರಿ ಮ್ಯಾಲ ಪೆನ್ಸಿಲ್ ಆಡಸಾಕ ಕುಂತ್ರ ಜನ್ಮ ಸಾಲೂದಿಲ್ಲ" ಎಂದು ತಮ್ಮ ಗುಳಿಗಳ ಮೇಲೆ ಕೈಯಾಡಿಸಿಕೊಂಡರು. ಎಲ್ಲರೂ ಮತ್ತೆ ನಕ್ಕರು, ನನಗೆ ಮಾತ್ರ ನಗು ಬರಲಿಲ್ಲ.

ಅವಮಾನ ಮುಚ್ಚಿಕೊಳ್ಳಲು ನಾನು ಕತ್ತರಿ ತೆಗೆದುಕೊಂಡು ನೆಗೆಟಿವ್‌ನಿಂದಲೇ ಅವರನ್ನು ಕತ್ತರಿಸಲು ಹೊರಟೆ. ಅವರು ಗಬಕ್ಕನೆ ನನ್ನ ಮಣಿಕಟ್ಟು ಹಿಡಿದರು. ಅವರು ನನಗೆ ಗದರಿದ್ದು ಅದೊಂದೇ ಸಲ. "ಪ್ರಿಂಟ್ ಎಷ್ಟರ ಕತ್ತರಸು. ನೆಗೆಟಿವ್‌ಗೆ ಕತ್ತರಿ ಮುಟ್ಟಸಬ್ಯಾಡ. ಖರೇ ಎಲ್ಲಾ ಅದರಾಗ ಇರತೈತಿ." ಹಾಗಾಗಿ ಪ್ರಿಂಟಿನಲ್ಲಿ ಮಾತ್ರ ಅವರನ್ನು ಹೊರಗೆ ಬಿಟ್ಟೆ.

ಸ್ಪರ್ಧೆಗೆ ಕೊಟ್ಟ ಚಿತ್ರಗಳ ಹಿಂದೆ ಹೆಸರಿಲ್ಲ, ನಂಬರು ಮಾತ್ರ. ಹೊರಗಿನಿಂದ ಬಂದ ತೀರ್ಪುಗಾರರು ಹದಿನೇಳನೆಯ ನಂಬರಿಗೆ ಮೊದಲ ಬಹುಮಾನ ಎಂದರು. ಕಮಿಟಿಯವರು ಪಟ್ಟಿ ನೋಡಿ ನನ್ನ ಹೆಸರು ಓದಿದರು. ನಾನು ಏಳುವಷ್ಟರಲ್ಲಿ ಬ್ಯಾಂಕಿನ ಸಾಹೇಬರು ಎದ್ದು ನಿಂತರು. ಡಬ್ಬಿ ಕ್ಯಾಮೆರಾದಲ್ಲಿ, ಕ್ಲಬ್ಬು ಸೇರಿ ವರ್ಷವೂ ತುಂಬದ ಹುಡುಗಿ ಇಂಥ ಚಿತ್ರ ತೆಗೆಯಲಾರಳು, ಇದು ಕಾಕಾ ತೆಗೆದುಕೊಟ್ಟದ್ದು ಎಂದು ನೇರವಾಗಿಯೇ ಹೇಳಿದರು. ನನ್ನ ದಡ್ಡತನಕ್ಕೆ ಎಲ್ಲರೂ ನಕ್ಕ ಭಾನುವಾರ ಅವರು ಬಂದಿರಲಿಲ್ಲ; ಬಂದವರಿಗೆ ನಗು ನೆನಪಿತ್ತೇ ಹೊರತು ಛತ್ರಿಯಲ್ಲ. ಆ ಮಾತು ನಿಜವೆಂದಾದರೆ ನಾನಂತೂ ಹೊರಗೆ, ನನಗೆ ಹೊಣೆ ನಿಂತ ಕಾಕಾ ಕೂಡ ಹೊರಗೆ. ಕಾಕಾ ತಲೆ ತಗ್ಗಿಸಿ ಕೂತಿದ್ದರು. ಅದನ್ನು ನೋಡಿ ನನಗೆ ಸಿಟ್ಟು ನೆತ್ತಿಗೇರಿತು.

ಬ್ಯಾಗಿನಿಂದ ಬೆಣ್ಣೆಕಾಗದದ ಕವರು ತೆಗೆದು, ನೆಗೆಟಿವ್ ಅನ್ನು ಸಾಹೇಬರ ಕೈಗೇ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಎಂದೆ. ಅವರು ಹಿಡಿದರು. ಎಡಗಡೆಯ ಅಂಚಿನಲ್ಲಿ ಛತ್ರಿ ಹಿಡಿದ ಮನುಷ್ಯ.

"ಕಾಕಾ ತೆಗೆದದ್ದಾದ್ರೆ, ಒಳಗೆ ನಿಂತಿರೋದು ಯಾರು ಸಾರ್?"

ಸಾಹೇಬರು ನೆಗೆಟಿವ್ ಕೆಳಗಿಳಿಸಿದರು. ದೊಡ್ಡ ಮನುಷ್ಯ, ಒಪ್ಪಿಕೊಳ್ಳಬೇಕು: ಎಲ್ಲರೆದುರೇ ತಪ್ಪಾಯಿತು ಎಂದರು. ರಿಜಿಸ್ಟರ್ ತರಿಸಿ "ತಾತ್ಕಾಲಿಕ" ಎಂಬುದನ್ನು ತಮ್ಮ ಪೆನ್ನಿನಿಂದಲೇ ಹೊಡೆದುಹಾಕಿದರು. ಹಿಂದಿನ ಬೆಂಚಿನಿಂದ ಟಕ್ ಎಂಬ ಸದ್ದು ಕೇಳಿಸಿತು.

ಆಮೇಲೆ ನನಗೆ ಮದುವೆಯಾಯಿತು, ಮಚ್ಚೆ ನೋಡಿಯೇ ಒಪ್ಪಿದವರ ಜೊತೆ. ಸಾಂತಾಕ್ರೂಜ್‌ಗೆ ಹೋದೆ, ಅಲ್ಲಿಂದಲೂ ಭಾನುವಾರ ತಪ್ಪಿಸಲಿಲ್ಲ. ದಶಕ ಮುಗಿಯುತ್ತ ಬಂದ ಹಾಗೆ ಕಾಕಾ ಸೊರಗಿದರು, ಕ್ಲಬ್ಬಿಗೆ ಬರುವುದು ನಿಂತಿತು. ದಾದರಿನ ಚಾಳ್ ಎಂಬ ವಠಾರದಲ್ಲಿದ್ದ ಅವರ ಮನೆಗೆ ನೋಡಲು ಹೋದೆ. ಅವರ ಹೆಂಡತಿ, ನಮಗೆಲ್ಲ ಕಾಕಿ, ಚಹಾ ತಂದು ಅವರ ಪಕ್ಕದಲ್ಲಿ ಕೂತರು.

"ಕ್ಯಾಮೆರಾ ತಂದೀಯೇನು?" ಎಂದರು ಕಾಕಾ. ತಂದಿದ್ದೆ. "ಹಂಗಾರ ನನ್ನ ತಗಿ."

"ಯಾವ ತಗಿ ಕಾಕಾ?" ಎಂದೆ.

"ಒಳಗ ಇಟಗೊಳ್ಳೋ ತಗಿ. ನಿನ್ನ ಮಚ್ಚಿ ವಾಪಸ್ ಕೊಟ್ಟೀನಿ. ನನ್ನ ಮಾರಿಗೂ ಪೆನ್ಸಿಲ್ ಮುಟ್ಟಸಬ್ಯಾಡ."

ತೆಗೆದೆ. ತಿಂಗಳೊಳಗೆ ಕಾಕಾ ಹೋಗಿಬಿಟ್ಟರು.

ಹಾರ ಹಾಕಲು ಕಾಕಿಗೆ ದೊಡ್ಡ ಪ್ರಿಂಟ್ ಬೇಕಾಗಿತ್ತು. ಅಷ್ಟು ದೊಡ್ಡದು ನಮ್ಮ ಕ್ಲಬ್ಬಿನಲ್ಲಿ ಆಗುತ್ತಿರಲಿಲ್ಲ. ಅವರು ಕೆಲಸ ಮಾಡಿದ ಸ್ಟುಡಿಯೋಕ್ಕೇ ನೆಗೆಟಿವ್ ಕೊಟ್ಟೆ, ಮುಖ ಹಾಗೇ ಇರಲಿ ಎಂದು ಹೇಳುವುದನ್ನು ಮರೆತೆ. ತರಲು ಹೋದರೆ ಪ್ರಿಂಟಿನೊಳಗಿಂದ ನುಣ್ಣನೆಯ ಮುಖದ ಯಾರೋ ಒಬ್ಬರು ನನ್ನನ್ನು ನೋಡುತ್ತಿದ್ದರು. ಹೊಸದಾಗಿ ಸೇರಿದವರು ಗೌರವದಿಂದಲೇ ಗುಳಿಗಳನ್ನೆಲ್ಲ ಅಳಿಸಿದ್ದರು.

"ಗುಳಿಗಳೆಲ್ಲಿ?" ಎಂದು ಕೇಳಿದೆ. ಈ ಸಲ ಕನ್ನಡದಲ್ಲೇ ಕೇಳಿಬಿಟ್ಟಿದ್ದೆ. ಒಳಗಿನಿಂದ ಪೆನ್ಸಿಲ್ ಹಿಡಿದು ಯಾರೂ ಎದ್ದು ಬರಲಿಲ್ಲ. ಕೌಂಟರಿನವನು ಏನೂ ತಿಳಿಯದೆ ನನ್ನ ಮುಖ ನೋಡಿದ. ಅಳು ಬಂತು, ಅಳುತ್ತಲೇ ಹತ್ತಿ ಮತ್ತು ಟರ್ಪೆಂಟೈನ್ ಕೇಳಿ ತೆಗೆದುಕೊಂಡೆ. ಗಾಜಿನ ಮೇಜಿನ ಮುಂದೆ, ಕಾಕಾ ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತು, ಅವರು ತೋರಿಸಿದ ಹಾಗೆಯೇ ಮೆಲ್ಲಗೆ ಒರೆಸಿದೆ. ಹಣೆಯ ಗುಳಿ ಬಂತು, ಕೆನ್ನೆಯವು ಬಂದವು. ಎಲ್ಲ ಬಂದ ಮೇಲೆ ನಾನೇ ಉಗುರಿನಿಂದ ಮೇಜನ್ನು ಒಂದು ಸಲ ಕುಟ್ಟಿದೆ.